ಅಪ್ಪ ಕಡೆದ ಕೀಲಿಮಣೆ

ಶಹಾಬಾದಿನ ನಮ್ಮ ಮನೆಗೆ ಮೊದಲ ಸಲ ಬಂದವರು ಪಡಸಾಲೆಯ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ತಂಬಿಗೆ ಕೆಳಗಿಡುವಷ್ಟರಲ್ಲಿ ಕೇಳಿಯೇ ಕೇಳುತ್ತಾರೆ: ಈ ಕಲ್ಲಿನ ಮೇಲೆ ಬರೆದದ್ದೇನು? ಕಟ್ಟೆಯ ಬಲತುದಿಯಲ್ಲಿ, ಕೈ ಇಳಿಬಿಟ್ಟರೆ ತಾಗುವ ಹಾಗೆ ಕೂರಿಸಿದ ಒಂದು ಮೊಳ ಉದ್ದದ ಫರ್ಸಿ, ಅಂದರೆ ಹಾಸುಗಲ್ಲು, ಅದು. ಅದರ ತುಂಬ ಸಾಲು ಸಾಲು ಚೌಕಗಳು, ಒಂದೊಂದು ಚೌಕದಲ್ಲಿ ಎರಡೆರಡು ಕನ್ನಡ ಅಕ್ಷರ. ಓದಹೊರಟರೆ ತಲೆಬುಡ ಇಲ್ಲ. ಒಮ್ಮೆ ಸೇಡಂನಿಂದ ಬಂದಿದ್ದ ಇತಿಹಾಸದ ಮಾಸ್ತರರೊಬ್ಬರು ಕನ್ನಡಕ ಏರಿಸಿಕೊಂಡು, ನೋಟುಬುಕ್ಕು ತೆಗೆದು, ಆ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಳ್ಳತೊಡಗಿದರು. ಹಳೆಯ ಶಾಸನವೇ ಇರಬೇಕು ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ನಾನು ಅರ್ಧ ತಾಸು ಸುಮ್ಮನೆ ಬರೆಯಲು ಬಿಟ್ಟೆ. ನನ್ನ ಸ್ವಭಾವವೇ ಅಂಥದು, ಏನು ಮಾಡಲಿ. ಕೊನೆಗೆ ಚಹಾ ಕೊಡುತ್ತ, ಸರ್, ಅದು ನಮ್ಮಪ್ಪ ಕಡೆದ ಕೀಬೋರ್ಡು ಎಂದೆ. ಆ ಮನುಷ್ಯ ಚಹಾ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ಹೋಗುವಾಗ ಮಾತ್ರ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ಇಷ್ಟು ಚೌಕಗಳಲ್ಲಿ ಮೂರೇ ಮೂರು ಯಾಕೆ ಉಳಿದವಕ್ಕಿಂತ ಕಪ್ಪಗೆ, ನುಣ್ಣಗೆ ಮಿರುಗುತ್ತವೆ? ಉತ್ತರ ಹೇಳಬೇಕಾದರೆ ನಾನು ಒಂಬತ್ತು ವರ್ಷದವಳಾಗಿದ್ದ ಕಾಲಕ್ಕೆ ಹೋಗಬೇಕಿತ್ತು. ಅವರಿಗೆ ಬಸ್ಸಿನ ಅವಸರವಿತ್ತು.

ಆಗ ನಮ್ಮ ಮನೆಯಲ್ಲಿ ಕಲ್ಲಲ್ಲದ್ದು ಏನಿತ್ತು ಎಂದು ನೆನೆದರೆ ಹಾಸಿಗೆ, ಪಾತ್ರೆ, ಮನುಷ್ಯರು, ಅಷ್ಟೇ. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲಿನ ಮಾಳಿಗೆಯೂ ಅಡ್ಡಡ್ಡ ಹಾಕಿದ ಫರ್ಸಿಯೇ. ಬೇಸಿಗೆಯ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಕೆನ್ನೆಯಿಟ್ಟು ಮಲಗುವ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಅಪ್ಪ ಶರಣಪ್ಪ ಊರ ಹೊರಗಿನ ಕಲ್ಲಿನ ಖಣಿಯಲ್ಲಿ ಫರ್ಸಿ ಕಡೆಯುವವನು. ಶಾಲೆಯ ಮುಖ ಕಂಡವನಲ್ಲ. ಸಹಿ ಬೇಕಾದಲ್ಲೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದ. ಮಾತು ಬಲು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ, ನಮ್ಮ ಆಯಿ, ತಾನೇ ಆಡಿ ಮುಗಿಸುತ್ತಿದ್ದಳು. ಆಯಿಯ ಆಡಳಿತದಲ್ಲಿ ನೆಲವನ್ನು ದಿನಕ್ಕೆ ಮೂರು ಸಲ ಒರೆಸಲೇಬೇಕು, ಬೆಳಗ್ಗೆ ಒಂದು ಸಲ, ಎರಡೂ ಹೊತ್ತಿನ ಊಟ ಆದ ಮೇಲೆ ಒಂದೊಂದು ಸಲ. ಉಂಡ ಜಾಗ ಒರೆಸದೆ ಎದ್ದರೆ ಮನೆಗೆ ದರಿದ್ರ ಬಡಿಯುತ್ತದೆಂದು ಅವಳ ಕಾನೂನು. ಮೊಣಕಾಲು ನೋವಿದ್ದರೂ ಆ ಕೆಲಸ ಯಾರಿಗೂ ಬಿಡುತ್ತಿರಲಿಲ್ಲ, ಬಿಟ್ಟರೆ ನಾವು ಮೂಲೆ ಬಿಡುತ್ತೇವೆಂದು ಅವಳಿಗೆ ಖಾತ್ರಿಯಿತ್ತು. ಖರೇನೇ, ಬಿಡುತ್ತಿದ್ದೆವು.

ಇಂಥ ಮನೆಗೆ ಅವ್ವ ಬಂದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ. ಮದುವೆಗೆ ಮುಂಚೆಯೇ ಅಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ಚಿತ್ತಾಪುರದ ಒಂದು ಕಚೇರಿಯಲ್ಲಿ ತಾತ್ಪೂರ್ತಿಕ ಟೈಪಿಸ್ಟ್, ಖಾಯಂ ಅಲ್ಲ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಗಿರಾಕಿಗಳ ಕೆಲಸ ಇನ್ನೂ ಇರುತ್ತದೆ. ಬೆಳಗಿನ ಪ್ಯಾಸೆಂಜರ್ ಹಿಡಿದು ವಾಡಿಗೆ ಹೋಗಿ, ಅಲ್ಲಿ ಇನ್ನೊಂದು ಗಾಡಿ ಹಿಡಿದು ಚಿತ್ತಾಪುರ, ಸಂಜೆ ಮತ್ತೆ ಅದೇ ಉಲ್ಟಾ. ಕಚೇರಿಯ ಆ ದೊಡ್ಡ ಟೈಪ್ ಮಶೀನಿನ ಮುಂದೆ ಕೂತಾಗ ಅವ್ವನ ಕಣ್ಣು ಕಾಗದದ ಮೇಲೆ ಇರುತ್ತಿತ್ತೇ ಹೊರತು ಕೀಲಿಗಳ ಮೇಲೆ ಎಂದೂ ಇಲ್ಲ. ಮನೆಗೆ ಬಂದರೂ ಆ ಬೆರಳುಗಳಿಗೆ ರಜೆ ಇರಲಿಲ್ಲ. ಆಯಿಯ ಬೆನ್ನಿಗೆ ಎಣ್ಣೆ ತಿಕ್ಕುತ್ತ ಟೈಪು, ಬೇಳೆ ಆರಿಸುತ್ತ ಪರಾತದ ಅಂಚಿಗೆ ಟೈಪು. ನನ್ನನ್ನು ಮಲಗಿಸುವಾಗಲೂ ಬೆನ್ನಿನ ಮೇಲೆ ಯಾವುದೋ ಅರ್ಜಿಯ ಸಾಲು ಬಡಿಯುತ್ತಿದ್ದಳು. ಸಾಲು ಮುಗಿದೊಡನೆ ಎಡಗೈ ಎತ್ತಿ ಗಾಳಿಯಲ್ಲಿ ಮಶೀನಿನ ಹಿಡಿಕೆ ಸರಿಸಿದ ಹಾಗೆ ಸರಿಸುತ್ತಿದ್ದಳು. ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಅವಳ ಈ ಜಾಣತನಕ್ಕೆ ಒಂದೇ ಒಂದು ತೊಡಕಿತ್ತು. ಟೈಪು ಮಾಡಿದ್ದನ್ನು ಗಟ್ಟಿಯಾಗಿ ಓದಿ ಗುಮಾಸ್ತರ ಎದುರು ತಾಳೆ ನೋಡಬೇಕು. ನಮ್ಮ ಸೀಮೆಯಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮ ಸೀಮೆಯಲ್ಲಿ ಗಲ್ಲಿಗೆ ನಾಲ್ವರು ಶರಣಪ್ಪಂದಿರು. ಪ್ರತಿ ಎರಡನೇ ಅರ್ಜಿಯಲ್ಲಿ ಅಪ್ಪನ ಹೆಸರು ಬಂದು ಕೂತಿರುತ್ತಿತ್ತು. ಬೆರಳಿಗೆ ಅಡ್ಡಿಯಿಲ್ಲ, ಬಾಯಿಗೆ ಬೀಗ. ಓದುವಾಗ ಅವಳು 'ಅರ್ಜಿದಾರ ನಮ್ಮನಿಯವರ ಹೆಸರಿನವರು' ಎಂದು ಬಿಡುತ್ತಿದ್ದಳು. ಕಚೇರಿಯ ಜವಾನ ಖಾಜಾ ಮಾಮಾ ಇದನ್ನು ಕೇಳಲಿಕ್ಕೆಂದೇ ಬಾಗಿಲಲ್ಲಿ ನಿಲ್ಲುತ್ತಿದ್ದನಂತೆ.

'ಅಮ್ಮಾ, ಇವತ್ತ ಎಷ್ಟು ಮಂದಿ ಬಂದಿದ್ರು ನಿಮ್ಮ ಮನಿಯವ್ರು?'

'ಏಳು ಮಂದಿ ಬಂದಿದ್ರು ಮಾಮಾ. ಒಬ್ಬಂವಂಗೂ ನಮ್ಮನಿಯವರ ಮಾರಿ ಇರ್ಲಿಲ್ಲ.'

ಆ ಕಚೇರಿಗೆ ಕಂಪ್ಯೂಟರ್ ಬಂತು. ಬಂದದ್ದು ಒಂದೇ. ಅದಕ್ಕೆ ಬೇರೆ ಕೋಣೆ, ಕಿಟಕಿಗೆ ಪರದೆ, ಬಾಗಿಲಿಗೆ ಬೀಗ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ವಾಡಿಯ ಸಿಮೆಂಟಿನ ದೂಳು, ಶಹಾಬಾದಿನ ಕಲ್ಲಿನ ದೂಳು ಅದಕ್ಕೆ ಆಗಿಬರುವುದಿಲ್ಲವಂತೆ. ಸಾಹೇಬರು ಟೈಪಿಸ್ಟುಗಳನ್ನೆಲ್ಲ ಕರೆದು, ಇನ್ನೊಂದು ತಿಂಗಳಿಗೆ ಪರೀಕ್ಷೆ ಎಂದರು. ಸುತ್ತಲಿನ ತಾಲೂಕುಗಳ ತಾತ್ಪೂರ್ತಿಕ ಟೈಪಿಸ್ಟುಗಳು ಆರು ಜನ, ಉಳಿಸಿಕೊಳ್ಳುವುದು ಇಬ್ಬರನ್ನು. ಪರೀಕ್ಷೆಯ ತನಕ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಭ್ಯಾಸಕ್ಕೆ ಕೊಟ್ಟದ್ದು ಅಕ್ಷರಗಳ ಜಾಗ ತೋರಿಸುವ ಒಂದು ಕಾಗದದ ನಕ್ಷೆ. ಅವ್ವ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕೂತು ಆ ಕಾಗದ ಬಿಚ್ಚಿ ನೋಡಿದಳಂತೆ. ಅದರಲ್ಲಿ ಅವಳ ಹಳೆಯ ಮಶೀನಿನ ಒಂದು ಅಕ್ಷರವೂ ತನ್ನ ಜಾಗದಲ್ಲಿರಲಿಲ್ಲ. ಕಂಪ್ಯೂಟರಿನ ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರ ಮಾತ್ರ ಅಚ್ಚಾಗಿದ್ದವು; ಕನ್ನಡದ ಅಕ್ಷರ ಅವುಗಳ ಬೆನ್ನಿಗೆ ಅಡಗಿದ್ದವು, ಯಾವುದರ ಬೆನ್ನಿಗೆ ಯಾವುದು ಎಂದು ಬಾಯಿಪಾಠ ಮಾಡಬೇಕು. ಅವತ್ತು ಮನೆಗೆ ಬಂದವಳೇ ಟಿಫಿನ್ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು.

'ನನ್ನ ಮನಿಗಿ ನಾ ಹೋಗ್ಬೇಕಂದ್ರ ಇಂಗ್ಲಿಷಿನವನ ಬಾಗಲಾ ಬಡೀಬೇಕೇನ್ರಿ? ಇದೆಂಥಾ ನ್ಯಾಯ!'

ಆಯಿ ತನ್ನ ಕಾನೂನು ಪುಸ್ತಕ ತೆರೆದಳು.

'ನೌಕರಿ ಹೋದ್ರ ಹೋತು ಬಿಡು ಬೇ. ನಾ ಖಣಿದಾಗ ಕಲ್ಲ ಹೊತ್ತಿಲ್ಲೇನು? ಮಂದಿ ಮನ್ಯಾಗ ಕುಂದ್ರಲ್ಲೇನು?'

'ಅತ್ತಿ, ನಾ ಮನ್ಯಾಗ ಕುಂತ್ರ ನನ್ನ ಬೆರಳು ಸಾಯ್ತಾವ.'

ಅವ್ವ ಅಳುವವಳಲ್ಲ, ಸಿಟ್ಟಿನವಳು. ಅವಳ ದನಿ ಆ ಮಾತಿನಲ್ಲಿ ಒಡೆದದ್ದನ್ನು ನಾನು ಮೊದಲ ಸಲ ಕೇಳಿದೆ. ಆ ವಾರವೆಲ್ಲ ಮನೆಯಲ್ಲಿ ಸಾರಿಗೆ ಉಪ್ಪು ಒಂದೋ ಇಲ್ಲ, ಇಲ್ಲದಿದ್ದರೆ ಎರಡು ಸಲ. ಅಪ್ಪ ಎರಡನ್ನೂ ಸಮನಾಗಿ ಉಂಡು ಏಳುತ್ತಿದ್ದ. ನಕ್ಷೆಯ ಕಾಗದದ ಮೇಲೆ ಬೆರಳಾಡಿಸಿದರೆ ಕಾಗದ ಸರಿಯುತ್ತದೆ, ಮಡಿಕೆಯಲ್ಲಿ ಹರಿಯುತ್ತದೆ. ಅದಕ್ಕೆ ಅವ್ವ ಅಡುಗೆಮನೆಯ ನೆಲದ ಮೇಲೆ ಖಡು ಎನ್ನುವ ಸೀಮೆಸುಣ್ಣದಿಂದ ಚೌಕ ಬರೆದು, ಅಕ್ಷರ ತುಂಬಿ, ಅದರ ಮುಂದೆ ಕೂತು ಬೆರಳಾಡಿಸತೊಡಗಿದಳು. ಊಟವಾಯಿತು, ಆಯಿ ಒದ್ದೆ ಅರಿವೆ ತೊಗೊಂಡು ಬಂದಳು, ಒರೆಸಿದಳು, ಹೋದಳು. ಬೆಳಗ್ಗೆ ಅವ್ವ ಮತ್ತೆ ಬರೆದಳು, ಆಯಿ ಮತ್ತೆ ಒರೆಸಿದಳು. ಮೂರನೆಯ ದಿನ ಅತ್ತೆ ಸೊಸೆಯ ಜಗಳ ಓಣಿಗೆ ಕೇಳಿಸಿತು.

'ಕಣ್ಣ ಕಾಣಂಗಿಲ್ಲೇನ್ರಿ ಅತ್ತಿ? ಅದು ನನ್ನ ಅನ್ನ!'

'ಅಕ್ಷರ ಅಂದ್ರ ಸರಸ್ವತಿ ಬೇ. ನೆಲದ ಮ್ಯಾಲ ಬರದು ಕಾಲಾಗ ತುಳಸ್ತಿ, ಒರಸಿದ್ರ ನನಗ ಬೈತಿ. ತುಳಿಯೋದು ಪಾಪೋ, ಒರಸೋದು ಪಾಪೋ, ಹೇಳು!'

ಆಯಿಯ ವಾದ ಯಾವಾಗಲೂ ಹಾಗೆ, ಹಿಡಿಯಲು ತುದಿ ಸಿಗುತ್ತಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ. ನಕ್ಷೆಯ ಕಾಗದವನ್ನು ನೆಲದಿಂದ ಎತ್ತಿಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡು ಖಣಿಗೆ ಹೋದ. ನಕ್ಷೆ ಕಾಣದೆ ಅವ್ವ ಮನೆಯೆಲ್ಲ ಹುಡುಕಿ, ನಾನೇ ಎಲ್ಲೋ ಒಗೆದಿದ್ದೇನೆಂದು ನನಗೆ ಎರಡು ಬಿಗಿದಳು. ಎರಡು ದಿನ ಬಿಟ್ಟು, ಸಂಜೆ, ಹೆಗಲ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಫರ್ಸಿ ಹೊತ್ತು ಅಪ್ಪ ಬಂದ. ಒಲೆಯ ಎದುರು ಇಳಿಸಿ ತಾಟು ಬಿಚ್ಚಿದ. ನಕ್ಷೆಯ ಪ್ರತಿ ಚೌಕ, ಪ್ರತಿ ಅಕ್ಷರ ಕಲ್ಲಿನಲ್ಲಿ ಮೂಡಿತ್ತು. ಓದಲು ಬಾರದವನು ಅಕ್ಷರವನ್ನು ಚಿತ್ರದ ಹಾಗೆ ನೋಡಿ ನೋಡಿ ಕಡೆದಿದ್ದ. ಒಂದು ಕೊಂಬು ಹೆಚ್ಚಿಲ್ಲ, ಒಂದು ಸುಳಿ ಕಡಿಮೆಯಿಲ್ಲ. ನಕ್ಷೆಯಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಚೌಕಗಳು ನೇರ ಕೂಡುವುದಿಲ್ಲ, ಅರ್ಧರ್ಧ ಸರಿದಿರುತ್ತವೆ. ಅದನ್ನೂ ಹಾಗೆಯೇ ಮಾಡಿದ್ದ. ಅದನ್ನೇ ಅವ್ವನಿಗೆ ಬೆರಳಿಟ್ಟು ತೋರಿಸಿದ.

'ಸಂದಿ ಮ್ಯಾಲ ಸಂದಿ ಬಂದಿಲ್ಲ ನೋಡು. ಈ ನಕ್ಷಾ ಮಾಡಿದಾಂವ ಯಾಂವೋ ಗೋಡಿ ಕಟ್ಟೋದು ಬಲ್ಲ.'

ಆಯಿ ಕಲ್ಲನ್ನು ಸುತ್ತು ಹಾಕಿ ನೋಡಿ, ಇದನ್ನು ನೆಲಕ್ಕಿಡಕೂಡದು, ಮಣೆಯ ಮೇಲಿಡಬೇಕು ಎಂದು ಅಪ್ಪಣೆ ಮಾಡಿದಳು. ಅವತ್ತಿನ ಸಾರಿಗೆ ಉಪ್ಪು ಬರೋಬ್ಬರಿ ಇತ್ತು.

ಅಂದಿನಿಂದ ನಮ್ಮ ಮನೆಯ ಸಂಜೆಗಳು ಬೇರೆಯಾದವು. ಅವ್ವ ಮಣೆಯ ಮುಂದೆ ಕೂತು ಕಲ್ಲಿನ ಮೇಲೆ ಬೆರಳಿಟ್ಟರೆ, ನಾನು ಎದುರು ಕೂತು ಹಳೆಯ ಪೇಪರ್ ಓದಬೇಕು. ಓದಿದ್ದನ್ನು ಅವಳು ಕಲ್ಲಿಗೆ ಬಡಿಯಬೇಕು. ಕಲ್ಲಿನ ಮೇಲೆ ಏನೂ ಮೂಡುವುದಿಲ್ಲವಲ್ಲ, ತಪ್ಪಿದ್ದು ಹೇಗೆ ತಿಳಿಯಬೇಕು? ಅದಕ್ಕೆ ನಾನು ಒಂದು ಕಣ್ಣು ಪೇಪರಿಗೆ, ಒಂದು ಕಣ್ಣು ಅವಳ ಬೆರಳಿಗೆ ಇಟ್ಟಿರುತ್ತಿದ್ದೆ. ತಪ್ಪು ಚೌಕಕ್ಕೆ ಬೆರಳು ಹೋದರೆ 'ಹಾಂ' ಎನ್ನಬೇಕು. ಜೀವನದಲ್ಲಿ ಅವ್ವನ ತಪ್ಪು ಹಿಡಿಯುವ ಅಧಿಕಾರ ಸಿಕ್ಕ ಆ ದಿನಗಳನ್ನು ನಾನು ಧಾರಾಳವಾಗಿ ಬಳಸಿಕೊಂಡೆ. ಸಾಲಿನ ಕೊನೆಗೆ ಅವಳ ಎಡಗೈ ತಾನಾಗಿ ಎದ್ದು, ಇಲ್ಲದ ಹಿಡಿಕೆಯನ್ನು ಸರಿಸಲು ಹೋಗುತ್ತಿತ್ತು. ಆ ಮಣಿಕಟ್ಟು ಹಿಡಿದು ಕೆಳಗಿಳಿಸುವುದೂ ನನ್ನದೇ ಕೆಲಸ. ನಾಲ್ಕೇ ದಿನಕ್ಕೆ ಇನ್ನೊಂದು ಪಜೀತಿ. ಟೈಪ್ ಮಶೀನನ್ನು ಬಡಿದು ಬಡಿದು ಅವಳ ಬೆರಳಿಗೆ ಬಡಿಯುವುದೇ ರೂಢಿ, ಮಶೀನಿನ ಕೀಲಿ ತಗ್ಗುತ್ತದೆ, ಕಲ್ಲು ತಗ್ಗುತ್ತದೆಯೇ? ಬೆರಳ ತುದಿಯ ಚರ್ಮ ಎದ್ದು ಕೆಂಪಗಾಯಿತು. ಬೆಣ್ಣೆ ಸವರಿದವಳು ಮತ್ತೆ ಆಯಿಯೇ.

'ರೊಟ್ಟಿ ಬಡೀತೀವಿ ಅಂತ ಮಂದಿ ಅಂತಾರ. ಖರೇ ನೋಡಿದ್ರ ಬಡೀತೀವೇನು? ಬಡದ್ರ ಹರೀತದ. ಮುಟ್ಟಿ ಬಿಡ್ತೀವಿ, ಮುಟ್ಟಿ ಬಿಡ್ತೀವಿ. ಹಂಗ ಮುಟ್ಟು ಬೇ.'

ಮುಟ್ಟಿ ಬಿಡುವುದನ್ನು ಅವ್ವ ಕಲಿತಳು. ಕಲ್ಲಿನ ಮೇಲಿನ ಟಪಟಪ ಸದ್ದು ದಿನದಿನಕ್ಕೆ ಸಣ್ಣದಾಗಿ, ಕೊನೆಗೆ ಬಳೆಯ ಸದ್ದೊಂದೇ ಉಳಿಯಿತು. ಹತ್ತು ದಿನದಲ್ಲಿ ಅವಳು ಕಣ್ಣು ಮುಚ್ಚಿ ಪೇಪರಿನ ಅರ್ಧ ಪುಟ ಮುಟ್ಟುವಷ್ಟಾದಳು. ನನಗೆ 'ಹಾಂ' ಎನ್ನುವ ಅವಕಾಶವೇ ಸಿಗುತ್ತಿರಲಿಲ್ಲ, ಬೇಸರವಾಗುತ್ತಿತ್ತು.

ಆಗಲೇ ಆ ಕೆಟ್ಟ ಸಂಜೆ ಬಂತು. ಅವತ್ತು ಸಾಹೇಬರಿಲ್ಲದ ಹೊತ್ತಿನಲ್ಲಿ ಖಾಜಾ ಮಾಮಾ ಕೋಣೆ ಗುಡಿಸುವಾಗ, ನೋಡಿ ಹೋಗ್ರಿ ಎಂದು ಅವ್ವನನ್ನು ಒಳಗೆ ಬಿಟ್ಟಿದ್ದ. ಅವ್ವ ಹುರುಪಿನಿಂದ ಕೀಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಕಣ್ಣು ತೆರೆದರೆ, ಎಲ್ಲ ಬೆರಳೂ ಬೇಕಾದ ಕೀಲಿಯ ಆಚೆಗಿನ ಕೀಲಿಯ ಮೇಲೆ. ನಮ್ಮ ಕಲ್ಲಿನ ಚೌಕಗಳು ನಿಜವಾದ ಕೀಲಿಗಿಂತ ದೊಡ್ಡವು! ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದಳು.

'ಯಾವ ಅಳತಿಲೆ ಕಡದ್ರಿ ಇದನ್ನ?'

'ನನ್ನ ಹೆಬ್ಬೆಟ್ಟಿಲೆ.'

'ನಿಮ್ಮ ಹೆಬ್ಬೆಟ್ಟಿಲೆ!'

'ಸಣ್ಣ ಕೆಲಸಕ್ಕ ನಾವು ಅದರಿಂದನ ಅಳೀತೀವಿ.'

ಆಯಿಗೆ ನಗು ತಡೆಯಲಾಗಲಿಲ್ಲ.

'ಅಂವಂದು ಹೆಬ್ಬೆಟ್ಟೇನ ಬೇ ಅದು? ಕೊಡಲಿ ಕಾವು!'

ನಗುವ ಹೊತ್ತಾಗಿರಲಿಲ್ಲ. ಕಾಗದದ ನಕ್ಷೆಯಲ್ಲಿ ಚೌಕಗಳು ಎಷ್ಟು ದೊಡ್ಡವೆಂದು ಇರುವುದಿಲ್ಲ, ಎಲ್ಲಿವೆಯೆಂದು ಮಾತ್ರ ಇರುತ್ತದೆ. ಅಪ್ಪ ಜನ್ಮದಲ್ಲಿ ಕೀಬೋರ್ಡು ಕಂಡವನಲ್ಲ. ಅವನು ತನಗೆ ಗೊತ್ತಿದ್ದ ಒಂದೇ ಅಳತೆಗೋಲು ಬಳಸಿದ್ದ. ಇದೆಲ್ಲ ನನಗೆ ಈಗ ಅರ್ಥವಾಗುತ್ತದೆ. ಅವತ್ತು ನಾನೂ ಅವ್ವನ ಪಕ್ಷ ಹಿಡಿದು ಅಪ್ಪನ ಕಡೆ ಕೆಕ್ಕರಿಸಿ ನೋಡಿದೆ. ಅವ್ವ ಉಣ್ಣಲಿಲ್ಲ. ಪರೀಕ್ಷೆಗೆ ಉಳಿದದ್ದು ಹತ್ತೇ ದಿನ. ಅಪ್ಪ ಒಬ್ಬನೇ ಉಂಡು, ಕೈ ತೊಳೆದು, ಗೂಡಿನಿಂದ ಕೆಲಸದ ದಾರದ ಉಂಡೆ ತೆಗೆದು ಅವ್ವನ ಮುಂದಿಟ್ಟ.

'ನಾಳಿ ಆ ಕೀಬೋರ್ಡಿನ ಮ್ಯಾಲ ಇದನ್ನ ಹಿಡಿ. ಒಂದೊಂದು ಕೀಲಿಯ ಮನಿಗೊಂದು ಗಂಟು ಹಾಕ್ಕೊಂಡು ಬಾ. ಕಲ್ಲಿಗಿ ಎರಡು ಮುಖ ಇರ್ತಾವ.'

ಮರುದಿನ ಅವ್ವ ಖಾಜಾ ಮಾಮಾನ ಕೈಕಾಲು ಹಿಡಿದದ್ದನ್ನು ಮುಂದೆ ಅವನೇ ನಮ್ಮ ಮನೆಗೆ ಬಂದಾಗ ಅಭಿನಯ ಮಾಡಿ ತೋರಿಸಿದ. ಕೋಣೆಯ ಬಾಗಿಲಲ್ಲಿ ಕಾವಲು ನಿಂತು, 'ಅಮ್ಮಾ, ಜಲ್ದಿ ಮಾಡ್ರಿ, ಸಾಹೇಬ್ರು ಬಂದ್ರ ನನ್ನ ಖೈರಿಯತ್ ಇಲ್ಲ' ಎಂದು ಅವನು ಹಲುಬುತ್ತಿದ್ದರೆ, ಅವ್ವ ಹಲ್ಲಿನಲ್ಲಿ ದಾರ ಕಚ್ಚಿ ಗಂಟು ಬಿಗಿಯುತ್ತಿದ್ದಳಂತೆ. ಅಡ್ಡಕ್ಕೊಂದು ದಾರ, ಉದ್ದಕ್ಕೊಂದು ದಾರ. ಎರಡನ್ನೂ ಬಳೆಗಳ ಸಂದಿಯಲ್ಲಿ ಸುತ್ತಿಕೊಂಡು, ಗಂಟು ಸಡಿಲಾದೀತೆಂದು ದಾರಿಯುದ್ದಕ್ಕೂ ಕೈ ಅಲುಗಿಸದೆ ಮನೆಗೆ ಬಂದಳು. ಅಪ್ಪ ಅವತ್ತೇ ಕಲ್ಲು ಬೋರಲು ಹಾಕಿ, ಅಂಗಳದಲ್ಲಿ ಬೆಳಕಿರುವ ತನಕ ಕೂತು ಗಂಟಿನಿಂದ ಗಂಟಿಗೆ ಗೆರೆ ಹಾಕಿದ. ಮರುದಿನ ಖಣಿಗೆ ಹೋಗಲಿಲ್ಲ. ಚೌಕ ಸಣ್ಣದಾದಂತೆ ಅಕ್ಷರ ಸಣ್ಣವಾದವು, ಅಕ್ಷರ ಸಣ್ಣವಾದಂತೆ ಉಳಿಯೂ ಸಣ್ಣದು ಬೇಕಾಯಿತು. ಇದ್ದ ಉಳಿಯನ್ನು ಮಸೆದು ಮಸೆದು ದಬ್ಬಣದ ಹಾಗೆ ಮಾಡಿಕೊಂಡ. ಅಷ್ಟು ದೊಡ್ಡ ಕೈ ಅಷ್ಟು ಸಣ್ಣ ಕೆಲಸದ ಮೇಲೆ ಬಾಗಿದ್ದನ್ನು ನೋಡುತ್ತ ನಾನು ಶಾಲೆ ತಪ್ಪಿಸಿದೆ. ಯಾರೂ ಬೈಯಲಿಲ್ಲ.

ಉಳಿದ ದಿನಗಳಲ್ಲಿ ಅವ್ವ ಕಲ್ಲಿನ ಆ ಹೊಸ ಮುಖದ ಮೇಲೆ ಬೆರಳಾಡಿಸಿದಳು. ಪರೀಕ್ಷೆಯ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ವಾಡಿಯಲ್ಲಿ ಚಿತ್ತಾಪುರದ ಗಾಡಿಗೆ ಕಾಯುವಾಗ ನಾನು ಪೇಪರ್ ಓದಿದೆ, ಅವಳು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿದಳು. ಪಕ್ಕದಲ್ಲಿ ಕೂತ ಮುದುಕ, ಇವಳಿಗೇನೋ ಕೈನಡುಕದ ಜಡ್ಡು ಎಂದು ಮರುಗಿ, ಹೈದರಾಬಾದಿನ ಒಬ್ಬ ಡಾಕ್ಟರರ ವಿಳಾಸ ಹೇಳಿದ. ಕಚೇರಿಯಲ್ಲಿ ಆರೂ ಜನ ಬೆಂಚಿನ ಮೇಲೆ ಕೂತಿದ್ದರು. ಒಬ್ಬೊಬ್ಬರಾಗಿ ಒಳಗೆ ಹೋಗಿ ಒಂದು ಪುಟ ಟೈಪು ಮಾಡಿ ಬರಬೇಕು. ಕಿಟಕಿಯ ಪರದೆ ಅವತ್ತು ಸರಿಸಿದ್ದರು, ನಾನು ಸರಳು ಹಿಡಿದು ನಿಂತೆ. ಮೊದಲು ಹೋದವರು ಸೇಡಂನ ವಿಠ್ಠಲರಾಯರು. ಐವತ್ತು ದಾಟಿದವರು, ಅವರ ಕೈಯ ವೇಗಕ್ಕೆ ನಾಲ್ಕು ತಾಲೂಕಿನಲ್ಲಿ ಜೋಡಿಯಿಲ್ಲ ಎಂದು ಅವ್ವನೇ ಹೇಳುತ್ತಿದ್ದಳು. ಅವರು ಅಂಗಿಯ ತೋಳು ಮಡಚಿ, ದೇವರಿಗೆ ಕೈಮುಗಿದು, ಮೂವತ್ತು ವರ್ಷದ ರೂಢಿಯ ಕೈಯಿಂದ ಮೊದಲ ಕೀಲಿ ಒತ್ತಿದರು. ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಅಕ್ಷರ ಇರುವೆ ಸಾಲಿನ ಹಾಗೆ ಅಂಚಿನ ತನಕ ಓಡಿತು. ಅಳಿಸಿ ಮತ್ತೆ ಒತ್ತಿದರು, ಮತ್ತೆ ಓಡಿತು. ಹೇಗೋ ಒಂದು ಸಾಲು ಮುಗಿಸಿದರೆ ಎಡಗೈ ತಾನಾಗಿ ಎದ್ದು ಹಿಡಿಕೆ ಹುಡುಕುತ್ತ ಟೀವಿಯಂಥ ಆ ಡಬ್ಬಿಗೆ ಬಡಿಯಿತು. ಸಾಹೇಬರು ಕೂತಲ್ಲಿಂದ ಎದ್ದರು.

'ಹೊಡೀಬ್ಯಾಡ್ರಿ ರಾಯರ! ಅದು ಟೈಪ್ ಮಶೀನ್ ಅಲ್ಲ!'

ವಿಠ್ಠಲರಾಯರು ಹೊರಗೆ ಬಂದು ಮುಖ ಒರೆಸಿಕೊಂಡು ಅವ್ವನ ಪಕ್ಕ ಕೂತರು.

'ತಂಗಿ, ಅದಕ್ಕ ನನ್ನ ಕೈ ಭಾರ ಆತು.'

ಅವ್ವ ಅವರ ಕಡೆ ತಿರುಗಿ, ನಮ್ಮ ಮನೆಯ ಗುಟ್ಟನ್ನೆಲ್ಲ ಬಿಚ್ಚಿಟ್ಟಳು.

'ಅಣ್ಣಾರ, ಸಾಹೇಬ್ರಿಗಿ ಇನ್ನೊಮ್ಮಿ ಕೇಳ್ರಿ. ಒತ್ತಬ್ಯಾಡ್ರಿ, ಮುಟ್ಟಿ ಬಿಡ್ರಿ. ರೊಟ್ಟಿ ಮುಟ್ಟಿದಂಗ.'

ನನಗೆ ಸಿಟ್ಟು ನೆತ್ತಿಗೇರಿತು. ಉಳಿಯುವವರು ಇಬ್ಬರೇ, ಇವಳು ನೋಡಿದರೆ ಎದುರಾಳಿಗೆ ಆಯಿಯ ವಿದ್ಯೆ ಹಂಚುತ್ತಿದ್ದಾಳೆ! ಹಿಂದಿನಿಂದ ಸೀರೆಯ ಸೆರಗು ಜಗ್ಗಿದೆ. ಅವ್ವ ನನ್ನ ಕಡೆ ಒಂದು ನೋಟ ನೋಡಿದಳು. ಅಂಥ ನೋಟ ನನಗೆ ಆಮೇಲೆ ಯಾರಿಂದಲೂ ಸಿಕ್ಕಿಲ್ಲ, ಸಿಗುವಂಥ ಕೆಲಸವನ್ನೂ ನಾನು ಮಾಡಿಲ್ಲ. ರಾಯರಿಗೆ ಕೊನೆಗೆ ಇನ್ನೊಂದು ಅವಕಾಶ ಸಿಕ್ಕಿತು, ಮೊದಲಿಗಿಂತ ಎಷ್ಟೋ ಚೆನ್ನಾಗಿ ಮಾಡಿದರು. ನಡುವೆ ಚಿಂಚೋಳಿಯ ಹುಡುಗಿಯೊಬ್ಬಳು, ಕಾಲೇಜಿನಲ್ಲಿ ಇಂಗ್ಲಿಷ್ ಟೈಪು ಕಲಿತವಳು, ಸಲೀಸಾಗಿ ಮಾಡಿ ಬಂದಳು. ನಾಲ್ಕನೆಯವಳಾಗಿ ಅವ್ವ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೀಬೋರ್ಡಿನ ಮುಂದೆ ಕೂತು ಒಂದು ಗಳಿಗೆ ಬೆರಳುಗಳನ್ನು ಅದರ ಮೇಲೆ ಸುಮ್ಮನೆ ಇಟ್ಟಳು, ಅಳತೆ ಸರಿಯಿದೆಯೇ ಎಂದು ನೋಡಿದಳೆಂದು ನನಗೆ ಗೊತ್ತು. ಆಮೇಲೆ ಮುಟ್ಟಿ ಬಿಟ್ಟಳು, ಮುಟ್ಟಿ ಬಿಟ್ಟಳು. ಮೊದಲ ಸಾಲು ಮುಗಿಯಿತು. ಎಡಗೈ ಎದ್ದಿತು. ಅವಳ ಮಣಿಕಟ್ಟು ಹಿಡಿಯಬೇಕಾದ ನಾನು ಕಿಟಕಿಯ ಆಚೆ! ಸರಳಿನ ಸಂದಿಯಿಂದ 'ಹಾಂ' ಎಂದುಬಿಟ್ಟೆ. ಸಾಹೇಬರು ತಿರುಗಿ ನೋಡಿದರು, ಖಾಜಾ ಮಾಮಾ ಜೋರಾಗಿ ಕೆಮ್ಮಿದ. ಅವ್ವನ ಕೈ ಗಾಳಿಯಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು. ಮತ್ತೆ ಏಳಲಿಲ್ಲ.

ಮುಂದಿನ ಶನಿವಾರ ಕಚೇರಿಯ ಬಾಗಿಲಿಗೆ ಪಟ್ಟಿ ಹಚ್ಚಿದರು. ಮೊದಲ ಹೆಸರು ಚಿಂಚೋಳಿಯ ಹುಡುಗಿಯದು, ಎರಡನೆಯದು ಅವ್ವನದು. ವಿಠ್ಠಲರಾಯರು ಸೇಡಂಗೆ ಮರಳಿ ತಮ್ಮ ಹಳೆಯ ಮಶೀನಿನ ಮೇಲೆ ಅರ್ಜಿ ಬಡಿಯುತ್ತ ಕಡೆತನಕ ಇದ್ದರು. ಹಬ್ಬಕ್ಕೊಮ್ಮೆ ಯಾರ ಕೈಯಲ್ಲಾದರೂ 'ರೊಟ್ಟಿ ತಂಗಿಗೆ ನಮಸ್ಕಾರ' ಎಂದು ಹೇಳಿ ಕಳಿಸುತ್ತಿದ್ದರು. ಕಚೇರಿಯಲ್ಲಿ ಆಮೇಲೆ ಆ ಅಕ್ಷರಗಳ ಜಾಗ ಎರಡು ಸಲ ಬದಲಾಯಿತು, ಎರಡು ಸಲವೂ ಅವ್ವ ಎರಡು ದಿನ ಬೈದು ಮೂರನೆಯ ದಿನ ಕಲಿತಳು. ಈಗ ಸ್ಟೇಷನ್ ಹತ್ತಿರದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತು ನಾನು ಜನರ ಅರ್ಜಿ ಟೈಪು ಮಾಡುತ್ತೇನೆ. ಮೊಬೈಲಿನಲ್ಲಿ ಒಂದು ಕ್ರಮ, ಕಂಪ್ಯೂಟರಿನಲ್ಲಿ ಇನ್ನೊಂದು, ಅರ್ಜಿ ಕಳಿಸುವ ಜಾಗದಲ್ಲಿ ಮತ್ತೊಂದು. ನಾನೂ ಬೈಯುತ್ತೇನೆ, ನಾನೂ ಕಲಿಯುತ್ತೇನೆ. ನನ್ನ ಬೆರಳಿನ ಸದ್ದು ಕೇಳಿಸುವುದಿಲ್ಲ ಎಂದು ಗಿರಾಕಿಗಳು ಆಶ್ಚರ್ಯಪಡುತ್ತಾರೆ.

ಪಟ್ಟಿ ಹಚ್ಚಿದ ಮರುದಿನ ಭಾನುವಾರ. ಕೆಲಸ ಮುಗಿದ ಕಲ್ಲನ್ನು ಏನು ಮಾಡುವುದು ಎಂಬ ಮಾತು ಬಂತು. ಆಯಿ, ರೊಟ್ಟಿ ಬಡಿಯಲು ಬೇಕು, ಹಿಟ್ಟಿನ ಮೇಲೆ ಅಕ್ಷರ ಮೂಡಿದರೆ ಹುಡುಗಿ ಓದಿಕೊಂಡು ತಿನ್ನಲಿ ಎಂದಳು. ಅಪ್ಪ ಕೇಳಲಿಲ್ಲ. ಪಡಸಾಲೆಯ ಕಟ್ಟೆಯ ತುದಿಯನ್ನು ಒಡೆದು, ಗಂಟಿನ ಅಳತೆಯ ಮುಖ ಮೇಲೆ ಮಾಡಿ ಅದನ್ನು ಕೂರಿಸಿದ. ಗಾರೆ ಒರೆಸಿ ಕೈ ತೊಳೆದು ಬಂದವನ ಪಕ್ಕದಲ್ಲಿ ಅವ್ವ ಹೋಗಿ ಕೂತಳು. ಹಗಲು ಹೊತ್ತು, ಪಡಸಾಲೆಯಲ್ಲಿ, ಅತ್ತೆಯ ಎದುರಿಗೆ ಅವಳು ಹಾಗೆ ಗಂಡನ ಮಗ್ಗುಲಿಗೆ ಕೂತದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಆಯಿ ಮುಖವನ್ನು ಓಣಿಯ ಕಡೆ ತಿರುಗಿಸಿಕೊಂಡಳು.

'ಬೆರಳು ಕೊಡ್ರಿ.'

ಅಪ್ಪನ ತೋರುಬೆರಳು ಹಿಡಿದು ಅವ್ವ ಕಲ್ಲಿನ ಮೇಲೆ ಒಂದು ಚೌಕಕ್ಕೆ ಇಟ್ಟಳು. ಅಲ್ಲಿಂದ ಎತ್ತಿ ಇನ್ನೊಂದಕ್ಕೆ. ಹಾಗೆ ನಾಲ್ಕು ಚೌಕ, ನಾಲ್ಕನೆಯದರ ಮೇಲೆ ಎರಡು ಸಲ.

'ಏನಿದು?'

'ನಾ ಬಾಯಿಲೆ ಅನ್ನಂಗಿಲ್ರಿ. ಸುವ್ವಿ, ನೀ ಓದು.'

ಅವಳು ಮತ್ತೊಮ್ಮೆ ಅದೇ ಚೌಕಗಳ ಮೇಲೆ ಅಪ್ಪನ ಬೆರಳು ನಡೆಸಿದಳು, ನಾನು ಓದಿದೆ: ಶ, ರ, ಣ, ಪ, ಇನ್ನೊಮ್ಮೆ ಪ. ಶರಣಪ್ಪ. ಅಪ್ಪ ಕಲ್ಲು ನೋಡಿದ, ನನ್ನನ್ನು ನೋಡಿದ, ಮತ್ತೆ ಕಲ್ಲು ನೋಡಿದ.

'ಇವು ನಾ ಕಡದವ ಅದಾವಲ್ಲ.'

'ನೀವೇ ಕಡದೀರಿ. ಗೊತ್ತಿಲ್ಲದಂಗ ನಿಮ್ಮ ಹೆಸರು ನೀವೇ ಕಡದೀರಿ.'

ಅಪ್ಪ ಆ ನಾಲ್ಕು ಚೌಕಗಳ ಮೇಲೆ ಅಂಗೈ ಆಡಿಸಿದ. ಹೆಂಡತಿಯನ್ನು 'ಸುವರ್ಣಾನವ್ವ' ಎಂದು ನನ್ನ ಹೆಸರು ಹಿಡಿದು ಕರೆದವನೇ ಹೊರತು ಅವಳ ಹೆಸರು ಹಿಡಿದು ಎಂದೂ ಕರೆದವನಲ್ಲ. ಅವನು ಕಲ್ಲಿನ ಮೇಲಿಂದ ಕಣ್ಣೆತ್ತದೆ ಕೇಳಿದ.

'ಮತ್ತ ನಿಂದೆಲ್ಲಿ ಅದ?'

ಅವ್ವ ತೋರಿಸಿದಳು. ಮೂರೇ ಚೌಕ. ಕ, ಮ, ಲ. ಅಪ್ಪ ಅವಳ ಕೈ ಬಿಡಿಸಿಕೊಂಡು, ತಾನೇ ಒಂದೊಂದಾಗಿ ಮುಟ್ಟಿದ. ಸರಿಯಾಯಿತೇ ಎಂದು ನನ್ನ ಕಡೆ ನೋಡಿದ. 'ಹಾಂ' ಎನ್ನುವ ತಪ್ಪು ಒಂದೂ ಇರಲಿಲ್ಲ.

ಆಮೇಲೆ ಅವ್ವ ನಿವೃತ್ತಳಾಗುವ ತನಕ ದಿನಾ ಸಂಜೆ ವಾಡಿಯ ಗಾಡಿಯಿಂದಲೇ ಮನೆಗೆ ಬಂದಳು. ಆ ಗಾಡಿ ಹೊತ್ತಿಗೆ ಬಂದದ್ದು ಕಡಿಮೆ. ತಡವಾದ ದಿನವೆಲ್ಲ ಅಪ್ಪ ಕಟ್ಟೆಯ ಬಲತುದಿಯಲ್ಲಿ ಕೂತು, ಓಣಿಯ ಕಡೆ ನೋಡುತ್ತ, ಬಲಗೈಯನ್ನು ಕಲ್ಲಿನ ಮೇಲೆ ಇಳಿಬಿಟ್ಟಿರುತ್ತಿದ್ದ. ತೋರುಬೆರಳು ಆ ಮೂರು ಚೌಕಗಳ ಮೇಲೆ ಒಂದಾದ ಮೇಲೊಂದು ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹೆಸರು ಹಿಡಿದು ಕರೆಯದ ಮನುಷ್ಯ ಅವ್ವನನ್ನು ಇಪ್ಪತ್ತು ವರ್ಷ ಹಾಗೆ ಕರೆದ. ಆ ಮೂರು ಚೌಕಗಳು ನುಣ್ಣಗಾದದ್ದು ಅದಕ್ಕೇ.